ಎರಡನೇ ಪೆಟ್ಟಿಗೆಯ ಎದೆಬಡಿತ

ಜೂನ್ 3

ಡಾಕ್ಟರಮ್ಮನವರಿಗೆ ನಮಸ್ಕಾರ.

ನಿದ್ದೆ ಪರೀಕ್ಷೆಗೆ ಅಂತ ನೀವು ಕಳಿಸಿದ ಪೆಟ್ಟಿಗೆ ಬಂತು. ಇನ್ನೂ ಬಿಚ್ಚಿಲ್ಲ. ನಿಮ್ಮ ಆಸ್ಪತ್ರೆಯವರು ಫೋನ್ ಮಾಡಿದ್ರು, ನಾನು ಎತ್ತಲಿಲ್ಲ. ಫೋನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತೆ. ನಾಳೆ 'ನಾವು ಹಾಗಂದೇ ಇಲ್ಲ' ಅಂದ್ರೆ ನಾನು ಯಾರ ಕಾಲರ್ ಹಿಡೀಲಿ? ಏನಿದ್ರೂ ಕಾಗದದಲ್ಲಿ ಬರೀರಿ, ನಾನೂ ಬರೀತೀನಿ.

ನಾನು ಬಂದರಿನಲ್ಲಿ ಕ್ರೇನ್ ಓಡಿಸ್ತೀನಿ. ಹಡಗಿನಿಂದ ಕಂಟೇನರ್ ಎತ್ತಿ ಲಾರಿ ಮೇಲೆ ಇಡೋ ಕೆಲಸ. ಕ್ಯಾಬಿನ್ನಿನಲ್ಲಿ ಕಾಲ ಕೆಳಗೆ ಗಾಜು, ಗಾಜಿನ ಕೆಳಗೆ ಓಡಾಡೋ ಜನರ ಹೆಲ್ಮೆಟ್ಟು ಮಾತ್ರ ಕಾಣುತ್ತೆ. ಹೋದ ತಿಂಗಳು ಒಂದು ಮಧ್ಯಾಹ್ನ ಕಂಟೇನರಿನ ಮೂಲೆ ಲಾರಿಯ ಕಂಬಿಗೆ ತಾಗಿತು. ಡ್ರೈವರ್ ಹಾರಿ ಇಳಿದ, ಯಾರಿಗೂ ಏನೂ ಆಗಲಿಲ್ಲ. ಗಾಳಿ ಜೋರಾಗಿತ್ತು ಅಂದೆ. ಸೂಪರ್‌ವೈಸರ್, 'ಗಾಳಿ ಅಲ್ಲ, ನೀನು ತೂಕಡಿಸ್ತಿದ್ದೆ' ಅಂದ. ಈಗ ನಿಮ್ಮ ಕೈಲಿ 'ತೊಂದರೆ ಇಲ್ಲ' ಅಂತ ಬರೆಸಿಕೊಂಡು ಬಾ ಅಂತಾರೆ.

ಅವರು ಹಿಡಿದಿದ್ದು ನಿದ್ದೆ ವಿಷಯ. ನಿಮ್ಮ ಕಾಗದದಲ್ಲಿರೋದು ಹೃದಯದ ವಿಷಯ. ಇದಕ್ಕೂ ಅದಕ್ಕೂ ಏನು ಸಂಬಂಧ? ಆ ಪೆಟ್ಟಿಗೇನ ಮಲಗೋ ಕೋಣೆಯಲ್ಲಿ ಇಟ್ಕೊಂಡ್ರೆ ನಾವಾಡೋ ಮಾತೂ ಅದರೊಳಗೆ ಹೋಗುತ್ತಾ? ನಮ್ಮನೇಲಿ ಕಂಪನಿ ಬಗ್ಗೆ ಒಳ್ಳೆ ಮಾತು ಬರೋದು ಕಡಿಮೆ. ಆಮೇಲೆ, ಅದರಲ್ಲಿ ಬಂದದ್ದನ್ನ ನೋಡೋರು ಯಾರು? ನೀವಾ, ನಾನಾ, ನಮ್ಮ ಮ್ಯಾನೇಜರಾ?

ಇಂತಿ,
ಕ್ರೇನಿನವನು


ಜೂನ್ 11

ಮಾನ್ಯರೇ,

ನಿಮ್ಮ ಪತ್ರ ಓದಿ ಸಂತೋಷವಾಯಿತು. ಹೆಚ್ಚಿನವರು ಏನೂ ಕೇಳದೆ ಸಹಿ ಹಾಕಿಬಿಡುತ್ತಾರೆ.

ಕೆಲವರಿಗೆ ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಆಗ ಮತ್ತೆ ಉಸಿರು ಬರುತ್ತದೆ. ತಾವು ಎಚ್ಚರವಾದದ್ದು ಅವರಿಗೇ ಗೊತ್ತಿರುವುದಿಲ್ಲ. ರಾತ್ರಿಯೆಲ್ಲ ಹೀಗೇ ನಡೆದರೆ ಹಗಲು ಕೂತಲ್ಲೇ ಕಣ್ಣು ಎಳೆಯುತ್ತದೆ. ಹೃದಯಕ್ಕೂ ಇದು ಸುಖವಲ್ಲ. ಉಸಿರು ನಿಂತಾಗ ಬಡಿತ ನಿಧಾನವಾಗುತ್ತದೆ, ಬಂದ ಕೂಡಲೇ ಓಡುತ್ತದೆ. ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವಿನ ಅಂತರ ಇಂಥವರಲ್ಲಿ ಹೇಗೆ ಬದಲಾಗುತ್ತದೆ ಅನ್ನುವುದೇ ನಮ್ಮ ಅಧ್ಯಯನ.

ಪೆಟ್ಟಿಗೆಗೆ ಕಿವಿ ಇಲ್ಲ. ಮ್ಯಾನೇಜರನ್ನು ಧಾರಾಳವಾಗಿ ಬೈಯಿರಿ. ವರದಿ ನಿಮ್ಮ ಸಹಿ ಇಲ್ಲದೆ ಬೇರೆ ಯಾರ ಕೈಗೂ ಹೋಗುವುದಿಲ್ಲ.

ಎದೆಗೆ ಪಟ್ಟಿಗಳನ್ನು ಅಂಟಿಸಿ, ಬೆರಳಿಗೆ ಕ್ಲಿಪ್ ಹಾಕಿಕೊಂಡು ಎರಡು ರಾತ್ರಿ ಮಲಗಿ. ನಿಮ್ಮ ಪಕ್ಕದಲ್ಲಿ ಮಲಗುವವರು ನಿಮ್ಮ ನಿದ್ದೆ ಬಗ್ಗೆ ಏನು ಹೇಳುತ್ತಾರೆ ಅಂತಲೂ ಬರೆಯಿರಿ.

ಇಂತಿ,
ನಿದ್ರಾ ವಿಭಾಗದ ವೈದ್ಯೆ


ಜೂನ್ 25

ಡಾಕ್ಟರಮ್ಮನವರಿಗೆ,

ಪೆಟ್ಟಿಗೆ ವಾಪಸ್ ಕಳಿಸಿದ್ದೀನಿ. ಪಟ್ಟಿ ಕೀಳುವಾಗ ಎದೆ ಕೂದಲೂ ನಿಮ್ಮ ಅಧ್ಯಯನಕ್ಕೆ ಬಂದಿದೆ, ಇಟ್ಕೊಳ್ಳಿ.

ಪಕ್ಕದಲ್ಲಿ ಮಲಗೋರು ಅಂದ್ರೆ ನನ್ನ ಹೆಂಡತಿ. ಪರದೆ, ಸೋಫಾ ಕವರ್ ಹೊಲೀತಾಳೆ. 'ಇಡೀ ಬೀದಿಗೆ ಕೇಳೋ ಹಾಗೆ ಗೊರಕೆ ಹೊಡೀತೀರಿ, ಆಮೇಲೆ ಒಮ್ಮೆಲೇ ಸದ್ದು ಅಡಗುತ್ತೆ, ಆಗಲೇ ನನಗೆ ಭಯ' ಅಂತಾಳೆ. ಅವಳ ಮಾತು ಪೂರಾ ತಗೋಬೇಡಿ. ಅವಳದ್ದೇ ಅವಳಿಗೆ ಸಾಕಾಗಿದೆ. ಬೆಳಗೆದ್ದರೆ ತಲೆನೋವು, ಕಾರಣವಿಲ್ಲದೆ ಕಣ್ಣಲ್ಲಿ ನೀರು. ಮೊನ್ನೆ ಒಂದು ಪರದೆಯ ಒಳಮಗ್ಗುಲು ಹೊರಗೆ ಮಾಡಿ ಹೊಲಿದು ಗಿರಾಕಿ ಹತ್ರ ಬೈಸಿಕೊಂಡಳು. ಎಲ್ಲಾ ನನ್ನ ಗೊರಕೆಯಿಂದ ಅಂತ ನನ್ನ ತಲೆಗೆ ಕಟ್ತಾಳೆ. ಆದರೆ ಮಲಗಿದಳು ಅಂದ್ರೆ ಕಲ್ಲು. ಒಂದು ಸದ್ದಿಲ್ಲ.

ಕಾಗದ ಬೇಗ ಬರೆದುಕೊಡಿ.

ಕ್ರೇನಿನವನು


ಜುಲೈ 5

ಮಾನ್ಯರೇ,

ಸುತ್ತಿ ಬಳಸದೆ ಹೇಳುತ್ತೇನೆ, ವರದಿ ಚೆನ್ನಾಗಿಲ್ಲ. ರಾತ್ರಿಯಿಡೀ ನಿಮ್ಮ ಉಸಿರು ನಿಂತು ನಿಂತು ಬರುತ್ತಿದೆ. ಎದೆಬಡಿತದಲ್ಲಿ ಇರಬೇಕಾದ ಸಣ್ಣ ಏರುಪೇರು ತೀರಾ ಕಡಿಮೆಯಾಗಿದೆ.

ಇದಕ್ಕೆ ದಾರಿ ಇದೆ. ಮೂಗಿಗೆ ಮಾಸ್ಕ್ ಹಾಕಿಕೊಂಡು ಮಲಗಬೇಕು. ಒಂದು ಯಂತ್ರ ಅದರೊಳಗೆ ಗಾಳಿ ಒತ್ತುತ್ತದೆ, ಗಂಟಲು ಮುಚ್ಚಿಕೊಳ್ಳುವುದಿಲ್ಲ. ನಮ್ಮಲ್ಲಿಗೆ ಒಮ್ಮೆ ಬನ್ನಿ. ಅಲ್ಲಿಯವರೆಗೆ ದಯವಿಟ್ಟು ಕ್ರೇನ್ ಹತ್ತಬೇಡಿ. 'ತೊಂದರೆ ಇಲ್ಲ' ಎಂದು ನಾನು ಬರೆದುಕೊಡಲಾರೆ.

ಇಂತಿ,
ವೈದ್ಯೆ


ಜುಲೈ 10

ಡಾಕ್ಟರಮ್ಮ,

ನಿಮ್ಮ ಕಾಗದವನ್ನ ತಿರುಗಿಸಿ ಮುರುಗಿಸಿ ಓದಿದೆ. ಏರುಪೇರು ಕಡಿಮೆ ಅಂತ ನೀವೇ ಬರೆದಿದ್ದೀರಿ. ಕಡಿಮೆ ಇದ್ರೆ ಒಳ್ಳೇದೇ ಅಲ್ವಾ? ಕ್ರೇನ್ ಓಡಿಸೋನ ಎದೆ ಒಂದೇ ಸಮ ಬಡೀಬೇಕು, ಕುಣಿಯೋ ಎದೆ ಇಟ್ಕೊಂಡು ಕಂಟೇನರ್ ಇಳಿಸೋಕಾಗುತ್ತಾ? ಒಳ್ಳೇದನ್ನೇ ಕೆಟ್ಟದ್ದು ಅಂತ ತಿರುಚಿ ಬರೆದಿದ್ದೀರಿ. ಯಾಕೆ ಅಂತ ಈಗ ಗೊತ್ತಾಯ್ತು.

ಪೆಟ್ಟಿಗೆ ಕಳಿಸೋ ದಿನ ಅದರ ತಳ ನೋಡಿದ್ದೆ. ನಮ್ಮ ಕಂಪನಿಯ ಗುರುತು ಇರೋ ಚೀಟಿ ಅಂಟಿಸಿತ್ತು. ಆಗ ಸುಮ್ಮನಿದ್ದೆ, ನೀವಾಗಿ ಹೇಳ್ತೀರೇನೋ ಅಂತ ಕಾದೆ. ನೀವು ಬಾಯಿ ಬಿಡಲಿಲ್ಲ. ಕಂಪನಿ ಪೆಟ್ಟಿಗೆ, ಕಂಪನಿ ಡಾಕ್ಟರು! ಹಳಬರನ್ನ ಇಳಿಸಿ, ಕಡಿಮೆಗೆ ಸಿಗೋ ಹುಡುಗರನ್ನ ಹತ್ತಿಸೋಕೆ ಇದೊಂದು ದಾರಿ. ನನ್ನ ಕಿವಿ ಮೇಲೆ ಹೂ ಇಡಬೇಡಿ.

ಇನ್ನೊಂದು ಸಲ ಪರೀಕ್ಷೆ ಮಾಡಿ. ಇಲ್ಲಾಂದ್ರೆ ಎಲ್ಲಿಗೆ ಬರೀಬೇಕೋ ಅಲ್ಲಿಗೆ ಬರೀತೀನಿ.


ಜುಲೈ 17

ಮಾನ್ಯರೇ,

ನಿಮ್ಮ ಒಂದು ದೂರು ನಿಜ. ಆ ಪೆಟ್ಟಿಗೆಗಳನ್ನು ನಿಮ್ಮ ಕಂಪನಿಯೇ ಆಸ್ಪತ್ರೆಗೆ ಕೊಟ್ಟದ್ದು. ಮೊದಲ ಪತ್ರದಲ್ಲೇ ಹೇಳಬೇಕಿತ್ತು. ಹೇಳಿದರೆ ನೀವು ಪೆಟ್ಟಿಗೆ ಬಿಚ್ಚುವುದೇ ಇಲ್ಲವೆಂದು ಸುಮ್ಮನಿದ್ದೆ. ಆದರೆ ವರದಿ ಅವರಿಗೆ ಹೋಗುವುದಿಲ್ಲ, ಇಲ್ಲಿಯವರೆಗೆ ಒಂದೂ ಹೋಗಿಲ್ಲ.

ಏರುಪೇರಿನ ವಿಷಯ. ಆರೋಗ್ಯವಾಗಿರುವ ಹೃದಯ ಗಡಿಯಾರದ ಹಾಗೆ ಒಂದೇ ಸಮ ಬಡಿಯುವುದಿಲ್ಲ. ಉಸಿರು ಎಳೆದಾಗ ಒಂದಿಷ್ಟು ಬೇಗ, ಬಿಟ್ಟಾಗ ಒಂದಿಷ್ಟು ನಿಧಾನ. ಗಾಳಿ ಬೀಸಿದಾಗ ನಿಮ್ಮ ಕೈ ಕ್ರೇನಿನ ಹಿಡಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡುವುದಿಲ್ಲವೇ? ಆ ಕೈ ಮರಗಟ್ಟಿ ಒಂದೇ ಕಡೆ ನಿಂತರೆ ನೀವದನ್ನು ಒಳ್ಳೆಯ ಕೈ ಅನ್ನುತ್ತೀರಾ? ನಿಮ್ಮ ಹೃದಯದಲ್ಲಿ ಆ ಸಣ್ಣ ಹೊಂದಾಣಿಕೆ ಹೋಗಿದೆ. ಅದರ ಬದಲು ಉಸಿರು ನಿಂತು ಬಂದಾಗೆಲ್ಲ ದೊಡ್ಡ ಅಲೆ ಏಳುತ್ತಿದೆ.

ಇನ್ನೊಮ್ಮೆ ಪರೀಕ್ಷೆ ಕೇಳುವುದು ನಿಮ್ಮ ಹಕ್ಕು. ಪೆಟ್ಟಿಗೆ ಕಳಿಸುತ್ತಿದ್ದೇನೆ.

ವೈದ್ಯೆ


ಜುಲೈ 31

ಪೂಜ್ಯ ಡಾಕ್ಟರಮ್ಮನವರಿಗೆ ನಮಸ್ಕಾರಗಳು.

ನಿಮ್ಮ ವಿವರಣೆಯಿಂದ ಮನಸ್ಸಿಗೆ ಸಮಾಧಾನವಾಯ್ತು. ಕೋಪದಲ್ಲಿ ಏನೇನೋ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಈ ಸಲ ಪೆಟ್ಟಿಗೆ ಕಟ್ಟಿಕೊಂಡು ಎರಡು ರಾತ್ರಿ ತುಂಬಾ ಚೆನ್ನಾಗಿ ನಿದ್ದೆ ಮಾಡಿದೆ. ಗೊರಕೆಯೂ ಇರಲಿಲ್ಲ ಅಂತ ಮನೆಯವಳು ಹೇಳಿದಳು. ಫಲಿತಾಂಶ ನೋಡಿ ನಿಮಗೂ ಸಂತೋಷವಾಗುತ್ತೆ.

ಇಂತಿ ನಿಮ್ಮ ವಿಧೇಯ,
ಕ್ರೇನಿನವನು


ಆಗಸ್ಟ್ 9

ಮಾನ್ಯರೇ,

ಎರಡನೇ ದಾಖಲೆ ನೋಡಿದೆ. ಕೆಲವು ಪ್ರಶ್ನೆಗಳಿವೆ.

ಜೂನ್ ತಿಂಗಳ ಗೆರೆಯಲ್ಲಿ ಬಡಿತದ ಆಕಾರ ಒಂದು ಥರ, ಇದರಲ್ಲಿ ಇನ್ನೊಂದು ಥರ. ಅಲ್ಲಿ ಆಗಾಗ ಒಂದು ಹೆಚ್ಚಿನ ಬಡಿತ ನುಸುಳುತ್ತಿತ್ತು, ಇಲ್ಲಿ ಒಂದೂ ಇಲ್ಲ. ನೆಮ್ಮದಿಯಾಗಿ ಮಲಗಿರುವಾಗಿನ ವೇಗವೇ ಬೇರೆ. ಒಂದು ತಿಂಗಳಲ್ಲಿ ಮನುಷ್ಯನ ಹೃದಯ ಇಷ್ಟು ಬದಲಾಗುವುದಿಲ್ಲ. ಪೆಟ್ಟಿಗೆಯನ್ನು ನೀವೇ ಕಟ್ಟಿಕೊಂಡಿರಾ?

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ದಾಖಲೆಯಲ್ಲಿರುವವರಿಗೆ ರಾತ್ರಿಯ ಮೊದಲ ಭಾಗ ಪರವಾಗಿಲ್ಲ. ಕನಸು ಬೀಳುವ ಹೊತ್ತಿನಲ್ಲಿ ಉಸಿರು ದೀರ್ಘವಾಗಿ ನಿಲ್ಲುತ್ತಿದೆ. ಆಗ ಹೃದಯವೂ ಕೆಲವು ಸಲ ಬಡಿಯದೆ ನಿಂತು, ಆಮೇಲೆ ಶುರುವಾಗಿದೆ. ಇವರು ತಡಮಾಡದೆ ವೈದ್ಯರನ್ನು ನೋಡಬೇಕು.

ವೈದ್ಯೆ


ಆಗಸ್ಟ್ 13

ಡಾಕ್ಟರಮ್ಮ,

ನಾನೇ ಕಟ್ಟಿಕೊಂಡಿದ್ದು. ನನ್ನದೇ ಎದೆ, ನನ್ನದೇ ಬಡಿತ. ಬೇರೆಯವರ ಎದೆ ನಾನೆಲ್ಲಿಂದ ತರಲಿ, ಬಾಡಿಗೆಗೆ ಸಿಗುತ್ತಾ?

ನಿಮ್ಮ ಆಟ ನನಗೆ ಅರ್ಥವಾಗುತ್ತೆ. 'ಹೃದಯ ನಿಲ್ಲುತ್ತಿದೆ' ಅಂತ ಹೆದರಿಸಿದ್ರೆ ನಾನು ಗಾಬರಿಬಿದ್ದು, 'ಅಯ್ಯೋ ಅದು ನನ್ನದಲ್ಲ' ಅಂತೀನಿ. ಆ ಕಾಗದ ಹಿಡ್ಕೊಂಡು ಕಂಪನಿ ನನ್ನನ್ನ ಮೋಸಗಾರ ಅಂತ ಆಚೆ ಹಾಕುತ್ತೆ. ಬಾಯಿ ಬಿಡಿಸೋಕೆ ಒಳ್ಳೆ ಉಪಾಯ. ನಾನು ಅಷ್ಟು ದಡ್ಡ ಅಲ್ಲ.


ಆಗಸ್ಟ್ 18

ಮಾನ್ಯರೇ,

ನೀವು ದಡ್ಡರೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಅದೇ ನನ್ನ ಚಿಂತೆ.

ನೇರವಾಗಿ ಬರೆಯುತ್ತೇನೆ. ಜುಲೈ ದಾಖಲೆ ಒಬ್ಬ ಹೆಂಗಸಿನದು ಎಂದು ನನ್ನ ಊಹೆ. ಇದು ಗಂಡಸರ ಕಾಯಿಲೆ, ಗೊರಕೆ ಇಲ್ಲದಿದ್ದರೆ ಇಲ್ಲ, ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಂಗಸರಲ್ಲಿ ಬಹಳ ಸಲ ಸದ್ದೇ ಇರುವುದಿಲ್ಲ. ಬೆಳಿಗ್ಗೆ ತಲೆನೋವು, ಮರೆವು, ಸುಮ್ಮಸುಮ್ಮನೆ ಅಳು. ನಿಮ್ಮ ಜೂನ್ ಪತ್ರವನ್ನು ನಾನು ಮತ್ತೆ ತೆಗೆದು ಓದಿದೆ. ನೀವೂ ನೆನಪು ಮಾಡಿಕೊಳ್ಳಿ.

ಯಾರನ್ನೂ ಹಿಡಿದುಕೊಡುವುದು ನನಗೆ ಬೇಡ. ಈ ಪತ್ರವನ್ನು ನಿಮ್ಮ ಹೆಂಡತಿಗೆ ತೋರಿಸಿ. ಅಷ್ಟು ಸಾಕು.

ವೈದ್ಯೆ


ಸೆಪ್ಟೆಂಬರ್ 4

(ರಿಜಿಸ್ಟರ್ ಅಂಚೆ. ಮನೆಯ ಯಜಮಾನಿಯವರಿಗೆ.)

ಜುಲೈ ಕೊನೆಯಲ್ಲಿ ಎದೆಗೆ ಪಟ್ಟಿ ಅಂಟಿಸಿಕೊಂಡು ಮಲಗಿದವರು ನೀವೇ ಆಗಿದ್ದರೆ, ಈ ಪತ್ರ ನಿಮಗೆ. ಅಲ್ಲವಾದರೆ ದಯವಿಟ್ಟು ಅವರ ಕೈಗೆ ತಲುಪಿಸಿ.

ನಿಮಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದೆ, ಆಗಾಗ ಹೃದಯವೂ ಸ್ವಲ್ಪ ಹೊತ್ತು ನಿಲ್ಲುತ್ತಿದೆ. ಇದನ್ನು ಸರಿಮಾಡಬಹುದು. ಆಗಸ್ಟಿನಲ್ಲಿ ಎರಡು ಸಲ ನಿಮ್ಮ ಮನೆಗೆ ಬರೆದಿದ್ದೆ, ನಿಮಗೆ ವಿಷಯ ಗೊತ್ತಾಗಿರಬಹುದು. ಆದರೂ ನೀವು ಬಂದಿಲ್ಲವಾದ್ದರಿಂದ ಮತ್ತೆ ಬರೆಯುತ್ತಿದ್ದೇನೆ. ಯಾವ ದಿನ ಬಂದರೂ ನೋಡುತ್ತೇನೆ. ಯಾರ ಪೆಟ್ಟಿಗೆ, ಯಾಕೆ ಕಟ್ಟಿಕೊಂಡಿರಿ ಎಂದು ಕೇಳುವುದಿಲ್ಲ.

ನಿದ್ರಾ ವಿಭಾಗದ ವೈದ್ಯೆ


ಸೆಪ್ಟೆಂಬರ್ 12

ಡಾಕ್ಟರಮ್ಮ,

ನನ್ನ ಹೆಂಡತಿ ಎಲ್ಲಿ?

ನೀವು ಮಾಡಿದ ಕೆಲಸ ಕೇಳಿ. ಕೆಲಸದಿಂದ ಬಂದಾಗ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು, ಹೊಲೀತಿರಲಿಲ್ಲ. ಮಡಿಲಲ್ಲಿ ನಿಮ್ಮ ಕಾಗದ.

'ಆಗಸ್ಟಿನಲ್ಲಿ ಬರೆದ ಕಾಗದ ಎಲ್ಲಿ?' ಅಂದಳು.

'ಯಾವುದು?'

'ರೀ, ನನಗೆ ಇವತ್ತು ಸುಳ್ಳು ಕೇಳೋ ಶಕ್ತಿ ಇಲ್ಲ.'

ಟೂಲ್ ಬ್ಯಾಗಿನ ತಳದಿಂದ ತೆಗೆದು ಕೊಟ್ಟೆ. ನಿಧಾನವಾಗಿ ಓದಿದಳು. ಆಮೇಲೆ ನಕ್ಕಳು ಡಾಕ್ಟರಮ್ಮ, ಆ ನಗು ನಾನು ಯಾವತ್ತೂ ನೋಡಿರಲಿಲ್ಲ. 'ಎರಡು ತಿಂಗಳಿಂದ ನೀವು ಗೇಟಿನ ಹತ್ರಾನೇ ನಿಂತು ಅಂಚೆಯವನ ಕೈಯಿಂದ ಕಾಗದ ಇಸ್ಕೋತಿದ್ರಿ. ಲಕೋಟೆ ಮೇಲೆ ಹೆಂಗಸಿನ ಅಕ್ಷರ. ಇನ್ನೊಬ್ಬಳು ಇದ್ದಾಳೆ ಅಂದ್ಕೊಂಡಿದ್ದೆ. ನೋಡಿದ್ರೆ ಆ ಇನ್ನೊಬ್ಬಳು ನಾನೇ.'

ಅವರು ಹೆದರಿಸೋಕೆ ಬರೆದಿದ್ದು ಕಣೇ, ನಂಬಬೇಡ, ಅಂದೆ. ಅವಳು ಎದ್ದು ನಿಂತಳು. 'ನಿಮ್ಮ ಕ್ರೇನಿಗೋಸ್ಕರ ನಾನು ಎದೆಗೆ ವೈರು ಅಂಟಿಸ್ಕೊಂಡೆ. ತಪ್ಪು ಅಂತ ಗೊತ್ತಿದ್ದೂ ಮಾಡಿದೆ. "ಪಾಸಾಯ್ತು" ಅಂದ್ರಿ, ಖುಷಿಪಟ್ಟೆ. ನನಗೋಸ್ಕರ ಈ ಒಂದು ಕಾಗದ ಓದಿ ಹೇಳೋಕೆ ನಿಮಗೆ ಆಗಲಿಲ್ವಾ?'

ಮಾರನೇ ದಿನ ನಾನು ಕ್ರೇನಿನಿಂದ ಇಳಿದು ಬರೋ ಹೊತ್ತಿಗೆ ಮನೆಗೆ ಬೀಗ. ಅವಳ ಅಣ್ಣನಿಗೆ ಫೋನ್ ಮಾಡಿದ್ರೆ, 'ಇಲ್ಲಿಗೆ ಬಂದಿಲ್ಲ' ಅಂತ ಪಟ್ಟಂತ ಇಟ್ಟುಬಿಟ್ರು. ಸುಳ್ಳು ಹೇಳ್ತಿದ್ದಾರೆ. ನಿಮ್ಮಲ್ಲಿಗೆ ಬಂದಿದ್ದಾಳಾ? ಹೇಳಿ. ಸಂಸಾರ ಒಡೆದು ನಿಮಗೇನು ಸಿಕ್ಕಿತು?


ಸೆಪ್ಟೆಂಬರ್ 17

ಮಾನ್ಯರೇ,

ನಮ್ಮಲ್ಲಿಗೆ ಯಾರು ಬಂದರು, ಯಾರು ಬರಲಿಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ. ಗಂಡನಿಗೂ ಹೇಳುವುದಿಲ್ಲ, ಅಣ್ಣನಿಗೂ ಹೇಳುವುದಿಲ್ಲ. ನಿಮ್ಮ ವಿಷಯ ಕಂಪನಿಗೆ ಹೇಳದೆ ಇರುವುದೂ ಇದೇ ಕಾರಣಕ್ಕೆ.

ನಿಮ್ಮ ಪತ್ರದ ಒಂದು ಮಾತು ನನ್ನನ್ನು ನಿದ್ದೆಗೆಡಿಸಿದೆ. ಮಾರನೇ ದಿನವೂ ನೀವು ಕ್ರೇನ್ ಹತ್ತಿದ್ದಿರಿ.

ವೈದ್ಯೆ


ಸೆಪ್ಟೆಂಬರ್ 26

ಡಾಕ್ಟರಮ್ಮನವರಿಗೆ,

ನಿಮ್ಮ ಕಾಗದ ಸಿಕ್ಕ ದಿನ ಸಿಟ್ಟಿಗೆ ಹರಿದು ಹಾಕಿದೆ. ಆದರೆ ಹರಿಯೋ ಮುಂಚೆ ಓದಿಬಿಟ್ಟಿದ್ದೆ.

ಮನೆಯಲ್ಲಿ ಒಬ್ಬನೇ. ಮಲಗಿದ್ರೆ ಪಕ್ಕದ ದಿಂಬಿನ ಕಡೆ ಕಿವಿ ಹೋಗುತ್ತೆ. ಇಷ್ಟು ವರ್ಷ ಅವಳ ಕಡೆಯಿಂದ ಸದ್ದು ಬರಲ್ಲ ಅಂದ್ರೆ ನೆಮ್ಮದಿ ಅಂದ್ಕೊಂಡಿದ್ದೆ. ಆ ಸುಮ್ಮನಿರೋ ಹೊತ್ತಲ್ಲಿ ಉಸಿರೇ ಇರ್ತಿರಲಿಲ್ಲ ಅಂತ ಈಗ ನೆನೆಸ್ಕೊಂಡ್ರೆ ಎದ್ದು ದೀಪ ಹಾಕ್ತೀನಿ. ನಿಮ್ಮ ಆಗಸ್ಟ್ ಕಾಗದ ಓದಿದಾಗಲೇ ಒಂದು ಗಳಿಗೆ ನಂಬಿದ್ದೆ. ಆಮೇಲೆ ನಂಬದೇ ಇರೋದು ಸುಲಭ ಅನ್ನಿಸ್ತು. ನಂಬಿದ್ರೆ ಕ್ರೇನ್ ಬಿಡಬೇಕಿತ್ತಲ್ಲ.

ಸೋಮವಾರ ಬೆಳಿಗ್ಗೆ ಏಣಿ ಹತ್ತೋಕೆ ಹೋದೆ. ಕೆಳಗೆ ಆವತ್ತಿನ ಅದೇ ಲಾರಿ ಡ್ರೈವರ್ ಟೀ ಕುಡೀತಾ ನಿಂತಿದ್ದ. 'ಏನಣ್ಣಾ, ಇವತ್ತು ಗಾಳಿ ಹೇಗಿದೆ?' ಅಂತ ತಮಾಷೆ ಮಾಡಿದ. ಏಣಿಯಿಂದ ಕೈ ತೆಗೆದೆ. ಹಾಗೇ ತಿರುಗಿ ಸೂಪರ್‌ವೈಸರ್ ಕೋಣೆಗೆ ಹೋದೆ.

'ಆವತ್ತು ಗಾಳಿ ಇರಲಿಲ್ಲ ಸಾರ್. ನಿದ್ದೆ ಹೋಗಿದ್ದೆ' ಅಂದೆ.

ಅವನು ಪೆನ್ನು ಕೆಳಗಿಟ್ಟ. 'ಗೊತ್ತು. ಮೇಲಿನವರು ತೆಗೆದುಹಾಕು ಅಂದಿದ್ರು. ನೀನಾಗಿ ಹೇಳ್ತೀಯೇನೋ ಅಂತ ತಳ್ಳಿಕೊಂಡು ಬಂದೆ' ಅಂದ. ಅವನೇ ನನ್ನ ಕತ್ತು ಕುಯ್ಯೋಕೆ ಕಾಯ್ತಿದ್ದಾನೆ ಅಂತ ನಾನು ನಂಬಿದ್ದೆ. ಈಗ ನನ್ನನ್ನ ಬಂದರಿನ ಗೇಟಿನಲ್ಲಿ, ಲಾರಿ ಮೇಲಿನ ಕಂಟೇನರಿನ ಸೀಲ್ ಒಡೆದಿಲ್ಲ ತಾನೇ ಅಂತ ನೋಡೋ ಕೆಲಸಕ್ಕೆ ಹಾಕಿದ್ದಾನೆ. ಮತ್ತೆ ಹತ್ತಬೇಕಾದ್ರೆ ನಿಮ್ಮ ಕಾಗದ ಬೇಕು.

ಎರಡನೇ ಸಲ ಕಟ್ಟಿಕೊಂಡಿದ್ದು ಅವಳು. ಇದನ್ನ ಕಾಗದದಲ್ಲೇ ಬರೆದು ಸಹಿ ಹಾಕಿದ್ದೀನಿ, ಬೇಕಾದ್ರೆ ಯಾರಿಗೆ ಬೇಕಾದ್ರೂ ತೋರಿಸಿ. ಬರೋ ವಾರ ನಾನೇ ಅಲ್ಲಿಗೆ ಬರ್ತೀನಿ, ಮಾಸ್ಕ್ ಕೊಡಿ. ಅವಳ ವಿಷಯ ಕೇಳಲ್ಲ. ಉಸಿರಾಡ್ತಿದ್ದಾಳೆ ಅಂತಷ್ಟೇ ಹೇಳೋಕಾಗುತ್ತಾ?

ಕ್ರೇನಿನವನು


ಅಕ್ಟೋಬರ್ 20

ಮಾನ್ಯರೇ,

ನೀವು ಇಲ್ಲಿಗೆ ಬಂದಾಗ ನಾನು ಬಾಯಿ ಬಿಡಲಿಲ್ಲ. ನೀವೂ ಮಾತಿಗೆ ತಪ್ಪದೆ ಕೇಳಲಿಲ್ಲ. ಆದರೆ ಹೊರಗಿನ ಬೆಂಚಿನ ಮೇಲೆ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಿದ್ದಿರಿ.

ಇವತ್ತು ಅವರು ಅನುಮತಿ ಕೊಟ್ಟರು, ಬರೆಯುತ್ತಿದ್ದೇನೆ. ನಿಮ್ಮ ಹೆಂಡತಿ ಸೆಪ್ಟೆಂಬರಿನಲ್ಲೇ ಬಂದರು. ಇಲ್ಲೇ ಹತ್ತಿರ ಅವರ ಚಿಕ್ಕಮ್ಮನ ಮನೆಯಲ್ಲಿದ್ದಾರೆ. ದಿನವೂ ಮಾಸ್ಕ್ ಹಾಕಿ ಮಲಗುತ್ತಿದ್ದಾರೆ. ಹೃದಯ ನಿಲ್ಲುವುದು ನಿಂತಿದೆ, ತಲೆನೋವು ಹೋಗಿದೆ. 'ಇಷ್ಟು ವರ್ಷ ಯಾರೋ ನನ್ನ ತಲೆ ಮೇಲೆ ಕೂತಿದ್ದರು, ಈಗ ಎದ್ದು ಹೋದರು' ಎಂದರು.

ನಿಮ್ಮ ಸೆಪ್ಟೆಂಬರ್ 26ರ ಪತ್ರವನ್ನು ಅವರಿಗೆ ತೋರಿಸಲೇ ಎಂದು ಕೇಳುತ್ತಿದ್ದೇನೆ. ಇದಕ್ಕೂ ನಿಮ್ಮ ಸಹಿ ಬೇಕು.

ವೈದ್ಯೆ


ಅಕ್ಟೋಬರ್ 24

ತೋರಿಸಿ. ಸಹಿ ಹಾಕಿದ್ದೀನಿ. ಹರಿದು ಹಾಕಿದೆ ಅಂತ ಬರೆದ ಸಾಲೂ ಇರಲಿ, ಮುಚ್ಚಬೇಡಿ.


ಡಿಸೆಂಬರ್ 8

ಡಾಕ್ಟರಮ್ಮನವರಿಗೆ ನಮಸ್ಕಾರ.

ಅವಳು ಹೋದ ಭಾನುವಾರ ಬಂದಳು. ಬರ್ತೀನಿ ಅಂತ ಹೇಳಿರಲಿಲ್ಲ. ನಾನು ಮಾಸ್ಕ್ ಹಾಕ್ಕೊಂಡು ಮಧ್ಯಾಹ್ನ ಒಂದು ಗಳಿಗೆ ಮಲಗಿದ್ದೆ. ಬಾಗಿಲು ತೆಗೆಯೋಕೆ ಹಾಗೇ ಎದ್ದು ಹೋದೆ, ಮೂಗಿಂದ ಕೊಳವೆ ನೇತಾಡ್ತಿತ್ತು. ಅವಳ ಕೈಯಲ್ಲೂ ಅಂಥದ್ದೇ ಯಂತ್ರದ ಚೀಲ. 'ಆನೆ ಥರ ಕಾಣ್ತಿದ್ದೀರಿ' ಅಂದಳು. ಕೊಳವೆ ಕೈಲಿ ಹಿಡ್ಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಒಳಗೆ ಬಂದು ಕೂತ ಮೇಲೆ ಕೇಳಿದಳು. 'ಬೇರೆ ಏನಾದ್ರೂ ಇದ್ಯಾ, ನನಗೆ ಗೊತ್ತಿಲ್ಲದೇ ಇರೋದು?'

'ಇಲ್ಲ.'

'ಯೋಚನೆ ಮಾಡಿ ಹೇಳಿ.'

ಯೋಚನೆ ಮಾಡಿದೆ. ಅವಳು ಇಲ್ಲದಾಗ ಅವಳ ಮೆಷಿನ್ ಮೇಲೆ ಅರ್ಧ ಹೊಲಿದ ಒಂದು ಪರದೆ ಇತ್ತು. ಗಿರಾಕಿ ಬಂದು ಕೇಳಿದ್ರು ಅಂತ ನಾನೇ ಮುಗಿಸೋಕೆ ಹೋಗಿ ಕೆಡಿಸಿ, ಮಂಚದ ಕೆಳಗೆ ತುರುಕಿದ್ದೆ. ಅದನ್ನ ಹೇಳಿದೆ. ಎಳೆದು ನೋಡಿದಳು. ಬಾಯ್ತುಂಬ ಬೈದಳು. ಅವಳು ಬೈತಾ ಇದ್ರೆ ನನಗೆ ಎದೆ ಹಗುರವಾಗ್ತಾ ಬಂತು.

'ಹಾಗಾದ್ರೆ ನನ್ನನ್ನ ನಂಬ್ತೀಯಾ?' ಅಂದೆ. 'ಇನ್ನೂ ಇಲ್ಲ. ಆದರೆ ಇಲ್ಲೇ ಇರ್ತೀನಿ' ಅಂದಳು.

ನನ್ನ ಎದೆಬಡಿತ ಸುಧಾರಿಸ್ತಿದೆ ಅಂತ ನೀವು ಕಳಿಸಿದ ವರದಿ ಬಂತು. ಅಂಚೆಯವನಿಂದ ಅವಳೇ ಇಸ್ಕೊಂಡು, ಅವಳೇ ಒಡೆದು, ಪೂರಾ ಓದಿ, ಆಮೇಲೆ ನನಗೆ ಹೇಳಿದಳು. ಇನ್ನು ಮುಂದೆ ನಮ್ಮಿಬ್ಬರ ಕಾಗದಾನೂ ಅವಳ ಹೆಸರಿಗೇ ಬರೀರಿ. ಅದರಲ್ಲಿ ಎಷ್ಟು ಹೇಳ್ತಾಳೆ, ಎಷ್ಟು ಬಿಡ್ತಾಳೆ ನನಗೆ ಗೊತ್ತಿಲ್ಲ. ಅನುಮಾನಪಡೋ ಹಕ್ಕು ಈ ಮನೆಯಲ್ಲಿ ಸದ್ಯಕ್ಕೆ ಅವಳೊಬ್ಬಳಿಗೇ ಇರೋದು.

ಇಂತಿ,
ಗೇಟಿನವನು